ಎಸ್‌ಆರ್‌ಟಿ ಫೈಲಿನ ಹೆಸರು ಬದಲಿಸಿದರೆ ವಿಟಿಟಿ ಆಗುತ್ತಾ?

ಪ್ರಶ್ನೆ: ನಮ್ಮೂರು ಸಾಗರದ ಹತ್ತಿರ. ಮಳೆಗಾಲದಲ್ಲಿ ನಡೆದ ತಾಳಮದ್ದಳೆಯನ್ನು ರೆಕಾರ್ಡ್ ಮಾಡಿದ್ದೇವೆ. ಹೊಸಬರಿಗೂ ಅರ್ಥ ಆಗಲಿ ಅಂತ ಸರಳ ಕನ್ನಡದಲ್ಲಿ ಸಬ್‌ಟೈಟಲ್ ಬರೆದು ಎಸ್‌ಆರ್‌ಟಿ ಫೈಲ್ ಮಾಡಿದೆವು. ವೆಬ್‌ಸೈಟಿಗೆ ವಿಟಿಟಿ ಎಂಬ ಇನ್ನೊಂದು ಸಬ್‌ಟೈಟಲ್ ರೂಪವೇ ಬೇಕಂತೆ. ಫೈಲಿನ ಹೆಸರಿನ ಕೊನೆಯಲ್ಲಿ ವಿಟಿಟಿ ಅಂತ ಬದಲಿಸಿದೆ, ಒಂದು ಸಾಲೂ ಕಾಣುತ್ತಿಲ್ಲ. ಇಷ್ಟಕ್ಕೂ ಲೈಬ್ರರಿ (ಪ್ರೋಗ್ರಾಮಿನಲ್ಲಿ ಬಳಸುವ ಸಿದ್ಧ ಕೋಡ್) ಬೇಕಾ?

ಉತ್ತರ: ಹೆಸರು ಬದಲಾಯಿತು, ಒಳಗಿರುವುದು ಇನ್ನೂ ಎಸ್‌ಆರ್‌ಟಿಯೇ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಹೀಗಿರುತ್ತದೆ:

12
00:01:12,500 --> 00:01:15,000
ಏನು ಸುಯೋಧನ, ಸಂಧಿಯ ಮಾತು ರುಚಿಸಲಿಲ್ಲವೇ?

ಸೆಕೆಂಡಿನ ಮುಂದೆ ಅಲ್ಪವಿರಾಮ ಇದೆಯಲ್ಲ, ವಿಟಿಟಿಯಲ್ಲಿ ಅಲ್ಲಿ ಚುಕ್ಕಿ ಬೇಕು. ಜೊತೆಗೆ ಫೈಲಿನ ಮೊದಲ ಸಾಲಿನಲ್ಲಿ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಲ್ಲಿ ವೆಬ್‌ವಿಟಿಟಿ (WEBVTT) ಎಂದಿರಲೇಬೇಕು. ಅದಿಲ್ಲದಿದ್ದರೆ ಬ್ರೌಸರ್ ಇಡೀ ಫೈಲನ್ನೇ ಕೈಬಿಡುತ್ತದೆ. ವಿಡಿಯೋ ಮಾತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ.

ಹಾಗಾದರೆ ಅಲ್ಪವಿರಾಮವನ್ನೆಲ್ಲ ಒಂದೇ ಏಟಿಗೆ ಚುಕ್ಕಿ ಮಾಡಿದರೆ ಸಾಕಲ್ವಾ? ಮಾಡಿ ನೋಡಿ. ಸಮಯದ ಜೊತೆ ಮಾತಿನೊಳಗಿನ ಅಲ್ಪವಿರಾಮವೂ ಹೋಗುತ್ತದೆ. 'ಏನು ಸುಯೋಧನ' ಅಂತ ಕೃಷ್ಣ ಅಲ್ಲೇ ಮಾತು ಮುಗಿಸಿಬಿಡುತ್ತಾನೆ. ಅರ್ಥಧಾರಿಗಳು ಸುಮ್ನೆ ಬಿಡುವುದಿಲ್ಲ.

ಯಾವುದು ಸಮಯ, ಯಾವುದು ಮಾತು ಎಂದು ತಿಳಿದು ಓದುವುದೇ ಲೈಬ್ರರಿಯ ಕೆಲಸ. ಪೈಥಾನ್‌ನಲ್ಲಿ (ಇದೊಂದು ಪ್ರೋಗ್ರಾಮಿಂಗ್ ಭಾಷೆ) ಪೈಸಬ್ಸ್2 ಎಂಬ ಲೈಬ್ರರಿ ಇದೆ, ಉಚಿತ. ಅದು ಒಂದೊಂದು ಮಾತನ್ನೂ ಶುರು, ಕೊನೆ, ಪಠ್ಯ ಎಂದು ಬಿಡಿಸಿಟ್ಟುಕೊಳ್ಳುತ್ತದೆ. ಸಮಯವೆಲ್ಲ ಮಿಲಿಸೆಕೆಂಡಿನಲ್ಲಿ. ಮೇಲಿನ ಸಾಲಿನ ಶುರು ಅದಕ್ಕೆ 72500. ಲೋಡ್ ಮಾಡಿ, ವಿಟಿಟಿ ಹೆಸರು ಕೊಟ್ಟು ಸೇವ್ ಮಾಡಿದರೆ ಮುಗಿಯಿತು. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ನೆಟ್ ಬೇಡ. ಕರೆಂಟ್ ಹೋದರೆ ಟವರೂ ಹೋಗುವ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಇರುವುದು ಒಂದೇ ಫೈಲು, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಿಸುವ ತಂತ್ರಾಂಶ ಆಗಲೇ ನಿಮ್ಮ ಕಂಪ್ಯೂಟರಿನಲ್ಲಿದೆ ಅಂದರೆ ಅದರಲ್ಲೂ ಒಂದೇ ಸಾಲಿನ ಆಜ್ಞೆಯಲ್ಲಿ ಆಗುತ್ತದೆ. ಲೈಬ್ರರಿಯ ಗೊಡವೆ ಬೇಡ.

ಲೈಬ್ರರಿಯ ಉಪಯೋಗ ಗೊತ್ತಾಗುವುದು ತಿದ್ದುವಾಗ. ವಿಡಿಯೋದ ಮೊದಲಿನ ಎಂಟು ನಿಮಿಷದ ಸ್ವಾಗತ ಭಾಷಣ ಕತ್ತರಿಸಿದಿರಿ ಅಂದುಕೊಳ್ಳಿ. ಶಿಫ್ಟ್ ಎಂಬ ಆಜ್ಞೆಗೆ ಮೈನಸ್ 8 ನಿಮಿಷ ಎಂದರೆ ಎಲ್ಲ ಸಾಲುಗಳೂ ಹಿಂದೆ ಸರಿಯುತ್ತವೆ. ಆರಂಭದಲ್ಲಿ ಸರಿಯಿದ್ದು ಬರಬರುತ್ತಾ ತಪ್ಪಿದರೆ ಅದು ಬೇರೆ ರೋಗ, ಫ್ರೇಮ್‌ರೇಟಿನದು. ಸೆಕೆಂಡಿಗೆ 25 ಫ್ರೇಮಿನಲ್ಲಿ ಓಡುವಾಗ ಸಮಯ ಹಾಕಿದ ವಿಡಿಯೋ ಆಮೇಲೆ 23.976ರಲ್ಲಿ ಓಡಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ ಬರುತ್ತದೆ. ಇದಕ್ಕೆ ಶಿಫ್ಟ್ ಸಾಲದು. ಫ್ರೇಮ್‌ರೇಟ್ ಬದಲಿಸುವ ಆಜ್ಞೆ ಪ್ರತ್ಯೇಕವಾಗಿದೆ.

ಇನ್ನು ಕನ್ನಡದ್ದೇ ತಾಪತ್ರಯ. ಫೈಲು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿರಬೇಕು, ವಿಟಿಟಿಗೆ ಬೇರೆ ಯಾವುದೂ ನಡೆಯುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಆನ್ಸಿ (ಹಳೆಯ ಸಂಕೇತ ಪದ್ಧತಿ) ಎಂದು ಸೇವ್ ಮಾಡಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಉಳಿಯುತ್ತದೆ. ಆ ಫೈಲಿನಿಂದ ಯಾವ ಲೈಬ್ರರಿಯೂ ಅಕ್ಷರಗಳನ್ನು ವಾಪಸ್ ತರಲಾರದು, ಬೇರೆ ಪ್ರತಿ ಇದ್ದರೆ ಹುಡುಕಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅಷ್ಟು ಹೆದರಬೇಕಿಲ್ಲ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡದ ರೂಪ ಕೊಡುತ್ತಿದ್ದುದು ಫಾಂಟು. ಲೈಬ್ರರಿಗೆ ಇದು ತಿಳಿಯದು, ಇದ್ದದ್ದನ್ನು ಇದ್ದ ಹಾಗೇ ದಾಟಿಸುತ್ತದೆ. ಫೈಲನ್ನು ಆನ್ಸಿಯಲ್ಲಿ ಸೇವ್ ಮಾಡಿದ್ದರೆ ಸಿಪಿ1252 (ವಿಂಡೋಸಿನ ಇಂಗ್ಲಿಷ್ ಆನ್ಸಿ ಪದ್ಧತಿ) ಎಂದು ಹೇಳಿ ಲೋಡ್ ಮಾಡಿ. ಪ್ರತಿ ಸಾಲಿನ ಪಠ್ಯವನ್ನಷ್ಟೇ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಡಿ. ಸಮಯದ ಅಂಕಿಗಳು ಅದರ ಕೈಗೆ ಸಿಗದಿರಲಿ. ಆಮೇಲೆ ಯುಟಿಎಫ್-8ರಲ್ಲಿ ಸೇವ್ ಮಾಡಿ. ಒತ್ತಕ್ಷರ, ಅರ್ಕಾವತ್ತು ಇರುವ ಸಾಲುಗಳನ್ನು ಮಾತ್ರ ಒಮ್ಮೆ ಕಣ್ಣಾರೆ ಓದಿ, ಪರಿವರ್ತಕಗಳು ಜಾಸ್ತಿ ಎಡವುವುದು ಅಲ್ಲೇ.