ಮದುವೆ ಅಲ್ಲಿ, ಎರಡು ವರ್ಷ ಇಲ್ಲಿ: ಜೆ-1 ನಿಯಮ ನಡೆದು ಬಂದ ದಾರಿ

ಅಮೆರಿಕದ ಒಂದೇ ಲ್ಯಾಬಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡುವ ಇಬ್ಬರು ಭಾರತೀಯರನ್ನು ಊಹಿಸಿಕೊಳ್ಳಿ. ಒಬ್ಬರು ಎಫ್-1 ವೀಸಾದ ಪಿಎಚ್‌ಡಿ ವಿದ್ಯಾರ್ಥಿ, ಇನ್ನೊಬ್ಬರು ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ಬಂದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿದ ಸಂಶೋಧಕ. ಇಬ್ಬರೂ ಅಮೆರಿಕದ ಪ್ರಜೆಗಳನ್ನು ಮದುವೆಯಾಗುತ್ತಾರೆ. ಎಫ್-1 ನವರು ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ನೆಮ್ಮದಿಯಾಗಿರುತ್ತಾರೆ. ಜೆ-1 ನವರ ವೀಸಾ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರಬಹುದು: ಈತ ಅಥವಾ ಈಕೆ ವಲಸೆ ಕಾಯ್ದೆಯ 212(ಇ) ಕಲಮಿಗೆ ಒಳಪಟ್ಟವರು, ಎರಡು ವರ್ಷದ ನಿಯಮ ಅನ್ವಯಿಸುತ್ತದೆ. ಆ ಸಾಲು ನಿಜವಾದರೆ, ಮದುವೆ ಎಷ್ಟು ಅಪ್ಪಟವಾಗಿದ್ದರೂ ಗ್ರೀನ್ ಕಾರ್ಡ್ ಸದ್ಯಕ್ಕಿಲ್ಲ. ಮೊದಲು ಸ್ವದೇಶಕ್ಕೆ ಮರಳಿ ಒಟ್ಟು ಎರಡು ವರ್ಷ ಅಲ್ಲಿ ಇರಬೇಕು, ಇಲ್ಲವೇ ಆ ಷರತ್ತಿಗೆ ವಿನಾಯಿತಿ ಪಡೆಯಬೇಕು.

ಈ ನಿಯಮ ದೇಶದಿಂದ ಓಡಿಸುವ ನಿಯಮವಲ್ಲ, ಕೆಲವು ಬಾಗಿಲುಗಳನ್ನಷ್ಟೇ ಮುಚ್ಚುತ್ತದೆ. ವಲಸೆ ವೀಸಾ, ಗ್ರೀನ್ ಕಾರ್ಡ್, ಎಚ್ ಮತ್ತು ಎಲ್ ವರ್ಗದ ಕೆಲಸದ ವೀಸಾ, ಮದುವೆ ಗೊತ್ತಾದವರಿಗೆ ಕೊಡುವ ಕೆ ವೀಸಾ, ಇವಿಷ್ಟು ಸಿಗುವುದಿಲ್ಲ. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ, ಅಸಾಧಾರಣ ಪ್ರತಿಭೆಯ ಓ-1 ವೀಸಾಗಳಿಗೆ ಹೊರಗಿನಿಂದ ಅರ್ಜಿ ಹಾಕಲು ಅಡ್ಡಿಯಿಲ್ಲ. ಗಂಡ ಅಥವಾ ಹೆಂಡತಿಯ ಜೊತೆ ನೆಲೆಸಲು ಬೇಕಾದ ಬಾಗಿಲುಗಳೇ ಮುಚ್ಚಿರುತ್ತವೆ ಎಂಬುದು ಕಾಕತಾಳೀಯವಲ್ಲ. ಶಾಸನ ಬರೆದವರಿಗೆ ಮದುವೆಯ ವಿಚಾರ ಚೆನ್ನಾಗಿ ಗೊತ್ತಿತ್ತು.

ಕಥೆ ಎರಡನೇ ಮಹಾಯುದ್ಧದ ನಂತರದ್ದು. 1946ರ ಫುಲ್‌ಬ್ರೈಟ್ ಕಾಯ್ದೆ ವಿದೇಶಗಳಲ್ಲಿ ಉಳಿದಿದ್ದ ಯುದ್ಧಸಾಮಗ್ರಿ ಮಾರಿದ ಹಣವನ್ನು ವಿದ್ವಾಂಸರ ವಿನಿಮಯಕ್ಕೆ ತಿರುಗಿಸಿತು. 1948ರ ಸ್ಮಿತ್–ಮುಂಡ್ಟ್ ಕಾಯ್ದೆ ವಿನಿಮಯ ಕಾರ್ಯಕ್ರಮಗಳಿಗೆ ಇನ್ನಷ್ಟು ವಿಸ್ತಾರ ಕೊಟ್ಟಿತು. ಭಾರತ 1950ರ ಫೆಬ್ರವರಿಯಲ್ಲಿ ಫುಲ್‌ಬ್ರೈಟ್ ವಿನಿಮಯದ ಒಪ್ಪಂದಕ್ಕೆ ಸಹಿ ಹಾಕಿತು. ಬಂದವರು ಅಮೆರಿಕವನ್ನು ಕಂಡು, ಕಲಿತು, ಊರಿಗೆ ಮರಳಿ ಅಲ್ಲಿನ ಜನಕ್ಕೆ ಉಪಯೋಗವಾಗಲಿ, ಜೊತೆಗೆ ಅಮೆರಿಕದ ಬಗ್ಗೆ ನಾಲ್ಕು ಒಳ್ಳೆಯ ಮಾತೂ ಆಡಲಿ ಎಂಬುದು ಎಣಿಕೆ. ಶೀತಲ ಸಮರದ ದಿನಗಳಲ್ಲಿ ಎರಡನೆಯ ಉದ್ದೇಶಕ್ಕೆ ತೂಕ ಕಡಿಮೆಯಿರಲಿಲ್ಲ. ಆದರೆ ಬಂದವರಲ್ಲಿ ಕೆಲವರು ಅಲ್ಲೇ ಬೇರು ಬಿಡತೊಡಗಿದರು. ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು.

ಅದಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೊಟ್ಟ ಉತ್ತರ 1956ರ ಜೂನ್‌ನಲ್ಲಿ ಬಂದ ಕಾನೂನು. ವಿನಿಮಯದಲ್ಲಿ ಬಂದವರು ಅಮೆರಿಕ ಬಿಟ್ಟು ಎರಡು ವರ್ಷ ಹೊರಗೆ ವಾಸ ಮಾಡುವ ತನಕ ವಲಸೆ ವೀಸಾಕ್ಕೆ ಅರ್ಹರಲ್ಲ ಎಂದಿತು ಅದು. ವಿನಾಯಿತಿ ಬೇಕಿದ್ದರೆ ಅಮೆರಿಕದ ಯಾವುದಾದರೂ ಸರ್ಕಾರಿ ಸಂಸ್ಥೆ ‘ಈ ಮನುಷ್ಯ ನಮಗೆ ಬೇಕು’ ಎಂದು ಕೇಳಬೇಕಿತ್ತು. ಹೆಂಡತಿ, ಮಗು ಇದ್ದಾರೆ ಎಂಬುದು ಕಾರಣವೇ ಆಗಿರಲಿಲ್ಲ. ಪರಮಾಣು ವಿಜ್ಞಾನಿಗೆ ದಾರಿಯಿತ್ತು, ಸಂಸಾರಸ್ಥನಿಗೆ ಇರಲಿಲ್ಲ.

ಸಂಸಾರಕ್ಕೆ ಕಿಟಕಿ ತೆರೆದದ್ದು 1961ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಫುಲ್‌ಬ್ರೈಟ್–ಹೇಸ್ ಕಾಯ್ದೆ ಜೆ ಎಂಬ ವೀಸಾ ವರ್ಗವನ್ನೇ ಹುಟ್ಟುಹಾಕಿತು, 212(ಇ) ಕಲಮನ್ನೂ ಈಗಿನ ಜಾಗದಲ್ಲಿ ಕೂರಿಸಿತು. ವಾಪಸಾತಿಯಿಂದ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯಾದ ಸಂಗಾತಿಗೋ ಮಗುವಿಗೋ ‘ಅಸಾಧಾರಣ ಕಷ್ಟ’ ಆಗುವುದಾದರೆ ವಿನಾಯಿತಿ ಕೊಡಬಹುದು ಎಂಬ ಮಾತು ಸೇರಿದ್ದು ಆಗಲೇ. ಜೊತೆಗೇ ಪ್ರತಿನಿಧಿ ಸಭೆಯ ವರದಿ ಎಚ್ಚರಿಕೆಯನ್ನೂ ಬರೆದಿಟ್ಟಿತು: ಅಮೆರಿಕದಲ್ಲಿದ್ದಾಗ ಮದುವೆಯಾಯಿತು, ಮಗು ಹುಟ್ಟಿತು ಎಂಬ ಕಾರಣವನ್ನೇ ಮುಂದಿಟ್ಟು ಸಡಿಲವಾಗಿ ವಿನಾಯಿತಿ ಕೊಟ್ಟರೆ ಕಾರ್ಯಕ್ರಮದ ಉದ್ದೇಶವೇ ಹಾಳಾಗುತ್ತದೆ ಎಂಬುದು ಅದರ ಸಾರ. ಇವತ್ತಿಗೂ ಅರ್ಜಿಗಳನ್ನು ತಿರಸ್ಕರಿಸುವಾಗ ಈ ಮಾತನ್ನು ಎತ್ತಿ ಆಡುತ್ತಾರೆ.

1965ರ ಮನ್ಸೂರ್ ಪ್ರಕರಣದ ತೀರ್ಪು ಈ ‘ಅಸಾಧಾರಣ’ಕ್ಕೆ ಅಳತೆಗೋಲು ಕೊಟ್ಟಿತು. ಕಷ್ಟವನ್ನು ಎರಡು ಸಲ ಸಾಬೀತು ಮಾಡಬೇಕು. ಅಮೆರಿಕದ ಸಂಗಾತಿ ಜೊತೆಗೆ ಹೊರಟರೆ ಅಲ್ಲಿ ಏನು ಕಷ್ಟ, ಹೊರಡದೆ ಉಳಿದರೆ ಅಮೆರಿಕದಲ್ಲಿ ಏನು ಕಷ್ಟ, ಎರಡನ್ನೂ. ಒಂದನ್ನು ತೋರಿಸಿ ಇನ್ನೊಂದನ್ನು ಬಿಟ್ಟರೆ ಅರ್ಜಿ ಬಿತ್ತು. ತಾತ್ಕಾಲಿಕ ಅಗಲಿಕೆ ಎಷ್ಟೋ ಕುಟುಂಬಗಳು ಬದುಕಿನಲ್ಲಿ ಎದುರಿಸುವಂಥದ್ದು, ಅದೊಂದರಿಂದಲೇ ಅಸಾಧಾರಣ ಕಷ್ಟ ಆಗುವುದಿಲ್ಲ ಎಂದೂ ತೀರ್ಪು ಹೇಳಿತು. ಹೊಸದಾಗಿ ಮದುವೆಯಾದವರಿಗೆ ಇದು ಕ್ರೂರ ಎನ್ನಿಸಬಹುದು. ಆದರೆ ಇಲ್ಲಿ ತರ್ಕದ ದೋಷ ನನಗೆ ಕಾಣುವುದಿಲ್ಲ. ಅಗಲಿಕೆಯೇ ಸಾಕು ಎಂದಿದ್ದರೆ ಮದುವೆಯಾದವರೆಲ್ಲರೂ ವಿನಾಯಿತಿಗೆ ಅರ್ಹರಾಗಿ, ನಿಯಮ ಬ್ರಹ್ಮಚಾರಿಗಳಿಗೆ ಮಾತ್ರ ಉಳಿಯುತ್ತಿತ್ತು. ತಕರಾರು ಏನಿದ್ದರೂ ನಿಯಮದ ಮೇಲೆಯೇ ಇರಬೇಕು.

1970ರ ಏಪ್ರಿಲ್‌ನ ತಿದ್ದುಪಡಿ ಎರಡು ದೊಡ್ಡ ಕೆಲಸ ಮಾಡಿತು. ಅದುವರೆಗೆ ಜೆ ವೀಸಾದವರೆಲ್ಲರನ್ನೂ ಹಿಡಿದಿದ್ದ ನಿಯಮ, ಸರ್ಕಾರಿ ಹಣದಲ್ಲಿ ಬಂದವರು ಮತ್ತು ತಮ್ಮ ದೇಶಕ್ಕೆ ತುರ್ತಾಗಿ ಬೇಕಾದ ವಿದ್ಯೆ ಇರುವವರು, ಇಷ್ಟು ಜನಕ್ಕೆ ಸೀಮಿತವಾಯಿತು. ಎರಡನೆಯದಾಗಿ, ‘ಇವರು ಮರಳದಿದ್ದರೆ ನಮ್ಮ ಅಭ್ಯಂತರವಿಲ್ಲ’ ಎಂದು ತವರಿನ ಸರ್ಕಾರವೇ ಬರೆದುಕೊಟ್ಟರೆ ವಿನಾಯಿತಿ ಪರಿಗಣಿಸಬಹುದು ಎಂದಾಯಿತು. ಮದುವೆ ಗೊತ್ತಾದವರ ಕೆ ವೀಸಾ, ಕಂಪನಿ ವರ್ಗಾವಣೆಯ ಎಲ್ ವೀಸಾ ಹುಟ್ಟಿದ್ದೂ ಇದೇ ಕಾನೂನಿನಲ್ಲಿ. ಒಂದು ಕೈಯಲ್ಲಿ ಪ್ರೇಮಿಗಳಿಗೆ ವೀಸಾ ಕೊಟ್ಟ ಕಾಂಗ್ರೆಸ್ಸು ಇನ್ನೊಂದು ಕೈಯನ್ನು ಜೆ-1 ಪ್ರೇಮಿಗಳ ಹೆಗಲ ಮೇಲೆ ಇಟ್ಟೇ ಇತ್ತು.

ಯಾವ ದೇಶಕ್ಕೆ ಯಾವ ವಿದ್ಯೆ ಬೇಕು? ಅದಕ್ಕೊಂದು ‘ಸ್ಕಿಲ್ಸ್ ಲಿಸ್ಟ್’ 1972ರಲ್ಲಿ ಪ್ರಕಟವಾಯಿತು. 1984, 1997, 2009ರಲ್ಲಿ ಪರಿಷ್ಕರಣೆಯಾಯಿತು. ಭಾರತದ ಹೆಸರಿನ ಮುಂದೆ ಎಂಜಿನಿಯರಿಂಗ್, ವಿಜ್ಞಾನದ ಹಲವು ಶಾಖೆಗಳಿದ್ದವು. ಬೆಂಗಳೂರಿನ ಐಐಎಸ್ಸಿಯಂಥ ಕಡೆ ಡಾಕ್ಟರೇಟ್ ಮುಗಿಸಿ ಪೋಸ್ಟ್‌ಡಾಕ್‌ಗೆ ಹಾರಿದ ಎಷ್ಟೋ ಮಂದಿ, ಒಂದು ಡಾಲರೂ ಸರ್ಕಾರಿ ಹಣ ಮುಟ್ಟದಿದ್ದರೂ ಈ ಪಟ್ಟಿಯಿಂದಾಗಿಯೇ ಸಿಕ್ಕಿಬಿದ್ದರು.

ಅವರ ಬಿಡುಗಡೆಗಿದ್ದ ದಾರಿಯೇ ನೋರಿ ಸರ್ಟಿಫಿಕೇಟ್, ಭಾರತಕ್ಕೆ ಮರಳುವ ಬಾಧ್ಯತೆಯಿಲ್ಲ ಎಂಬ ಪತ್ರ. ಕಾಗದ ಒಂದೇ, ಅದಕ್ಕೆ ಕೈಮುಗಿಯಬೇಕಾದ ದೇವರು ಹಲವು: ರಾಜ್ಯ ಸರ್ಕಾರದ ಗೃಹ ಇಲಾಖೆ, ಪಾಸ್‌ಪೋರ್ಟ್ ಕಚೇರಿ, ದೆಹಲಿಯ ಶಿಕ್ಷಣ ಸಚಿವಾಲಯ, ಕೊನೆಗೆ ಅಮೆರಿಕದಲ್ಲಿನ ರಾಯಭಾರ ಕಚೇರಿ. ಮಗ ಬಾಸ್ಟನ್ನಿನಲ್ಲಿ, ಫೈಲು ಬೆಂಗಳೂರಿನಲ್ಲಿ ಎಂದಾದಾಗ ಅಪ್ಪನೇ ಬೆನ್ನುಹತ್ತಿ ಓಡಾಡುವುದು ಅಪರೂಪವೇನಲ್ಲ. ಇಷ್ಟಾದ ಮೇಲೂ ಅದು ಅಭ್ಯಂತರವಿಲ್ಲ ಎಂಬ ಪತ್ರ ಮಾತ್ರ. ಶಿಫಾರಸು ಮಾಡುವುದು ಅಮೆರಿಕದ ವಿದೇಶಾಂಗ ಇಲಾಖೆ, ಅಂತಿಮ ಆದೇಶ ವಲಸೆ ಇಲಾಖೆಯದು. ಇಲ್ಲೊಂದು ಗುಂಡಿಯಿದೆ. ಶಿಫಾರಸು ಬಂದ ಮೇಲೆ ಜೆ-1 ಕಾರ್ಯಕ್ರಮದ ಅವಧಿಯನ್ನು ವಿಸ್ತರಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಪ್ರೊಫೆಸರರು ಇನ್ನೂ ಒಂದು ವರ್ಷ ಇಟ್ಟುಕೊಳ್ಳುವವರಿದ್ದರೆ, ವಿಸ್ತರಣೆಯ ಕಾಗದ ಮೊದಲು, ವಿನಾಯಿತಿಯ ಅರ್ಜಿ ಆಮೇಲೆ.

ವಿನಾಯಿತಿ ಬೇಡ, ಎರಡು ವರ್ಷ ಊರಲ್ಲೇ ಕಳೆದುಬಿಡುತ್ತೇವೆ ಎನ್ನುವ ದಂಪತಿಗಳ ಪ್ರಶ್ನೆ ಬೇರೆ. ಅವರನ್ನು ಕಾಡುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ. ಎರಡು ವರ್ಷ ಮುಗಿದ ಮೇಲಷ್ಟೇ ಸಂಗಾತಿಯ ಅರ್ಜಿ ಶುರುಮಾಡಬೇಕು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಾನೂನು ತಡೆಯುವುದು ವಲಸೆ ವೀಸಾವನ್ನು. ಅದಕ್ಕೂ ಮೊದಲಿನ ಐ-130, ಅಂದರೆ ‘ಇವರು ನನ್ನ ಗಂಡ, ಇವರು ನನ್ನ ಹೆಂಡತಿ’ ಎಂದು ಅಮೆರಿಕದ ಸಂಗಾತಿ ಸಲ್ಲಿಸುವ ಮನವಿಗೆ ಯಾವ ತಡೆಯೂ ಇಲ್ಲ. ಮದುವೆಯಾದ ಮಾರನೇ ದಿನವೇ ಅದನ್ನು ಹಾಕಬಹುದು. ವಾಸದ ದಿನಗಳು ಇತ್ತ ಉರುಳುತ್ತಿರಲಿ, ಮನವಿ ಅತ್ತ ಮೇಜಿನಿಂದ ಮೇಜಿಗೆ ಸರಿಯುತ್ತಿರಲಿ. ಸಂಗಾತಿ ಪ್ರಜೆಯಲ್ಲದೆ ಗ್ರೀನ್ ಕಾರ್ಡ್‌ದಾರರಾಗಿದ್ದರೆ ಬೇಗ ಹಾಕುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅಲ್ಲಿ ವೀಸಾಗೆ ವಾರ್ಷಿಕ ಮಿತಿಯುಂಟು, ಸಾಲಿನಲ್ಲಿ ನಿಮ್ಮ ಜಾಗ ಗೊತ್ತಾಗುವುದು ಅರ್ಜಿ ಹಾಕಿದ ತಾರೀಖಿನಿಂದ.

ತೀರಾ ಬೇಗ ಹಾಕಿದರೂ ಒಂದು ಎಚ್ಚರ ಬೇಕು. ಮನವಿ ಮಂಜೂರಾಗಿ ಕಡತ ರಾಷ್ಟ್ರೀಯ ವೀಸಾ ಕೇಂದ್ರ ತಲುಪಿ, ವೀಸಾ ಲಭ್ಯ ಎಂಬ ಸೂಚನೆ ಬಂದ ಮೇಲೆ ಒಂದು ವರ್ಷ ಸದ್ದಿಲ್ಲದೆ ಕೂತರೆ ನೋಂದಣಿಯೇ ರದ್ದಾಗಬಹುದು. ನಡುನಡುವೆ ಪತ್ರ ಬರೆದು ಕಡತವನ್ನು ಜೀವಂತ ಇಟ್ಟುಕೊಳ್ಳಬೇಕು. ವೈದ್ಯಕೀಯ ತಪಾಸಣೆಗೆ ಅವಸರ ಬೇಡ, ಅದರ ಸಿಂಧುತ್ವ ಸಾಮಾನ್ಯವಾಗಿ ಆರು ತಿಂಗಳು. ಸಂದರ್ಶನದ ಹೊತ್ತಿಗೆ ಎರಡು ವರ್ಷ ಪೂರ್ತಿಯಾಗಿರಬೇಕು, ಒಂದು ವಾರ ಕಡಿಮೆಯಾದರೂ ನಡೆಯದು.

ಎರಡು ವರ್ಷ ಎಂದರೆ ಒಂದೇ ಏಟಿಗೆ ಇರಬೇಕಿಲ್ಲ, ಒಟ್ಟು ಕೂಡಿಸಿದರೆ ಸಾಕು. ಆದರೆ ಪೌರತ್ವ ಇರುವ ದೇಶದಲ್ಲಿ ಅಥವಾ ಜೆ ವೀಸಾಗೆ ಮೊದಲು ಕಾಯಂ ವಾಸವಿದ್ದ ದೇಶದಲ್ಲಿ ಮೈಯಿಟ್ಟು ಇದ್ದ ದಿನಗಳಿಗಷ್ಟೇ ಲೆಕ್ಕ. ದುಬೈಯಲ್ಲಿ ಕೆಲಸ ಹಿಡಿದು ಐದು ವರ್ಷ ಕಳೆದರೂ ಭಾರತೀಯರ ಖಾತೆಗೆ ಜಮಾ ಸೊನ್ನೆ. ಸಂಗಾತಿಯನ್ನು ನೋಡಿಬರಲು ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಹೋದರೆ ಆ ದಿನಗಳೂ ಜಮಾ ಆಗವು. ಜೊತೆಗೆ ಐ-130 ಬಾಕಿಯಿರುವವರನ್ನು ‘ನೀವು ನಿಜಕ್ಕೂ ವಾಪಸ್ ಬರುತ್ತೀರಾ’ ಎಂದು ವೀಸಾ ಅಧಿಕಾರಿ ಅನುಮಾನದಿಂದಲೇ ನೋಡುತ್ತಾರೆ. ಹಾಗಾಗಿ ಓಡಾಟ ಹೆಚ್ಚಾಗಿ ಅಮೆರಿಕದ ಸಂಗಾತಿಯದೇ ಆಗುತ್ತದೆ.

ಆ ಸಂಗಾತಿ ಪೂರ್ತಿ ಇಲ್ಲಿಗೇ ಬಂದು ಇರುವುದಾದರೆ? ಪ್ರಜೆಯಾದವರಿಗೆ ತೊಂದರೆ ಕಡಿಮೆ. ಆರ್ಥಿಕ ಹೊಣೆಯ ಮುಚ್ಚಳಿಕೆ ಬರೆಯುವಾಗ ಅಮೆರಿಕದಲ್ಲೇ ತಮ್ಮ ಮೂಲ ನೆಲೆ ಇದೆ ಅಥವಾ ಅಲ್ಲಿಗೆ ಮರಳುವವರಿದ್ದೇವೆ ಎಂದು ತೋರಿಸಿದರಾಯಿತು. ಗ್ರೀನ್ ಕಾರ್ಡ್‌ದಾರರಿಗೆ ಅಪಾಯವಿದೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾರ್ಡಿಗೇ ಕುತ್ತು, ಹೊರಡುವ ಮೊದಲೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು, ಪೌರತ್ವಕ್ಕೆ ಎಣಿಸುತ್ತಿದ್ದ ವರ್ಷಗಳೂ ಕಡಿದುಹೋಗುತ್ತವೆ. ಇನ್ನು ಭಾರತದ ಕಡೆಯದೂ ಒಂದು ತಮಾಷೆಯಿದೆ. ಭಾರತೀಯರನ್ನು ಮದುವೆಯಾದ ವಿದೇಶಿಯರು ಆ ಆಧಾರದ ಮೇಲೆ ಭಾರತದಲ್ಲಿ ದೀರ್ಘಕಾಲ ನೆಲೆಸಲು ಅನುವಾಗುವ ಓಸಿಐ ಕಾರ್ಡ್ ಕೇಳಬೇಕಾದರೆ ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು. ಅಂದರೆ ಅಮೆರಿಕದ ಎರಡು ವರ್ಷ ಮುಗಿದು ಇಬ್ಬರೂ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಸರಿಯಾಗಿ ಭಾರತದ ಕಾರ್ಡಿಗೆ ಅರ್ಹತೆ ಬರುತ್ತದೆ!

ಕಾಯ್ದವರಿಗೆ ಒಂದು ಲಾಭವೂ ಇದೆ. ಸುಳ್ಳು ಮದುವೆಗಳನ್ನು ತಡೆಯಲು 1986ರಲ್ಲಿ ತಂದ ಕಾನೂನಿನ ಪ್ರಕಾರ, ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಷರತ್ತಿನ ಕಾರ್ಡ್. ಅದರ ಎರಡು ವರ್ಷ ಮುಗಿಯುವ ಮುನ್ನ ಮತ್ತೆ ಅರ್ಜಿ, ಮತ್ತೆ ಪುರಾವೆ. ಅಮೆರಿಕ ಬಿಡುವ ಮೊದಲೇ ಮದುವೆಯಾಗಿ ಊರಲ್ಲಿ ಎರಡು ವರ್ಷ ಕಳೆದವರಿಗೆ ನೇರವಾಗಿ ಹತ್ತು ವರ್ಷದ ಕಾರ್ಡ್ ಕೈಗೆ ಬರುತ್ತದೆ.

2024ರ ಡಿಸೆಂಬರ್ 9ರಂದು ಲೆಕ್ಕವೇ ಬದಲಾಯಿತು. ಹದಿನೈದು ವರ್ಷ ಮುಟ್ಟದೆ ಇಟ್ಟಿದ್ದ ಸ್ಕಿಲ್ಸ್ ಲಿಸ್ಟನ್ನು ವಿದೇಶಾಂಗ ಇಲಾಖೆ ಪರಿಷ್ಕರಿಸಿ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಕೊರಿಯಾ ಸೇರಿದಂತೆ ಹಲವು ದೇಶಗಳನ್ನು ಕೈಬಿಟ್ಟಿತು. ಅದೂ ಪೂರ್ವಾನ್ವಯವಾಗಿ: ಹಿಂದೆ ಯಾವಾಗ ಬಂದವರೇ ಆಗಲಿ, ಪಟ್ಟಿಯೊಂದೇ ಕಾರಣಕ್ಕೆ ಕಟ್ಟುಬಿದ್ದಿದ್ದರೆ ಇನ್ನು ಕಟ್ಟಿಲ್ಲ. ಎರಡು ವರ್ಷದ ನಡುವೆ ಇದ್ದವರೂ, ನೋರಿ ಫೈಲಿಗೆ ಕಾಯುತ್ತಿದ್ದವರೂ ಒಂದೇ ಬೆಳಗಿಗೆ ಬಿಡುಗಡೆಯಾದರು. ವೀಸಾ ಚೀಟಿಯ ಮೇಲಿನ ಹಳೆಯ ಸಾಲು ಹಾಗೇ ಇರುತ್ತದೆ. ಅದು ಮೊದಲಿಗೂ ಅಂತಿಮ ತೀರ್ಮಾನವಾಗಿರಲಿಲ್ಲ. ಅನುಮಾನವಿದ್ದವರು ವಿದೇಶಾಂಗ ಇಲಾಖೆಯಿಂದ ಸಲಹಾ ಅಭಿಪ್ರಾಯ ಕೇಳಬಹುದು.

ಬಿಡುಗಡೆಯಾಗದೆ ಉಳಿದವರು ಎರಡು ಗುಂಪು. ಒಂದು, ಫುಲ್‌ಬ್ರೈಟ್–ನೆಹರೂ ಫೆಲೋಗಳಂತೆ ಸರ್ಕಾರಿ ಹಣದಲ್ಲಿ ಹೋದವರು. ಇನ್ನೊಂದು, ಅಲ್ಲಿನ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಎಂಬ ತರಬೇತಿ ಪಡೆಯುವ ಡಾಕ್ಟರುಗಳು. 1976ರ ಕಾನೂನು ಜೆ-1 ರೆಸಿಡೆಂಟರೆಲ್ಲರನ್ನೂ ಈ ನಿಯಮಕ್ಕೆ ಒಳಪಡಿಸಿ, ಅಭ್ಯಂತರವಿಲ್ಲ ಎಂಬ ಪತ್ರದ ದಾರಿಯನ್ನು ಅವರಿಗೆ ಪೂರ್ತಿ ಮುಚ್ಚಿತು. ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ಮುಂದೆ ನಿಂತು 1994ರಲ್ಲಿ ಬೇರೊಂದು ದಾರಿ ತೆರೆಸಿದರು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪಿದರೆ ವಿನಾಯಿತಿ. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಮೊದಲು 20 ವಿನಾಯಿತಿ, 2002ರಿಂದ 30. ಮೈಸೂರು, ಮಣಿಪಾಲದಲ್ಲಿ ಎಂಬಿಬಿಎಸ್ ಓದಿ ಹೋದವರಿಗೂ ಇದು ಪರಿಚಿತ ಹಾದಿ. ಆದರೆ ಅಮೆರಿಕದ ಪ್ರಜೆಯನ್ನು ಮದುವೆಯಾದ ಡಾಕ್ಟರು ಇಲ್ಲಿ ಕೂಡಿ ಕಳೆದು ನೋಡಬೇಕು. ಕಾನ್ರಾಡ್ ವಿನಾಯಿತಿ ಪಡೆದವರಿಗೆ ಮೂರು ವರ್ಷದ ಸೇವೆ ಮುಗಿಯುವ ತನಕ, ಸಂಗಾತಿಯ ಐ-130 ಮಂಜೂರಾಗಿದ್ದರೂ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಊರಿಗೆ ಹೋಗಿ ಬರುವುದು ಎರಡೇ ವರ್ಷದ ಮಾತು. ಹಾಗಿದ್ದರೂ ಮೂರನ್ನೇ ಆರಿಸಿಕೊಳ್ಳುವವರಿದ್ದಾರೆ. ಆ ಮೂರು ವರ್ಷ ಕೈಯಲ್ಲಿ ಕೆಲಸ ಇರುತ್ತದೆ, ಸಂಗಾತಿ ಅದೇ ಮನೆಯಲ್ಲಿರುತ್ತಾರೆ.