ಟಿವಿ ಬಾಗಿಲು ಹಾಕುವ ಮುಂಚಿನ ಐದು ನಿಮಿಷ

ಈಗಿನ ಟಿವಿಗೆ ರಾತ್ರಿ ಅನ್ನೋದೇ ಇಲ್ಲ. 1960ರ ದಶಕದ ಬ್ರಿಟನ್‌ನಲ್ಲಿ ಇತ್ತು. ನಡುರಾತ್ರಿಯ ಆಸುಪಾಸಿಗೆ ಚಾನೆಲ್‌ಗಳು ಪ್ರಸಾರ ನಿಲ್ಲಿಸುತ್ತಿದ್ದವು. ಅದಕ್ಕೆ ಸ್ವಲ್ಪ ಮುಂಚೆ ಪಾದ್ರಿಯೊಬ್ಬರು ಬಂದು ಕುರ್ಚಿಯಲ್ಲಿ ಕೂತು, ದೇವರ ಬಗ್ಗೆ, ಬದುಕಿನ ಬಗ್ಗೆ ನಾಲ್ಕು ಮಾತಾಡಿ ಹೋಗುತ್ತಿದ್ದರು.

ಪದ್ಧತಿ ಹುಟ್ಟಿದ್ದು ರೇಡಿಯೊದಲ್ಲಿ. 1920ರ ದಶಕದಲ್ಲೇ ಬಿಬಿಸಿ ಭಾನುವಾರ ರಾತ್ರಿ 'ಎಪಿಲಾಗ್', ಅಂದರೆ ಮುಗಿಸುವ ಮಾತು, ಶುರು ಮಾಡಿತ್ತು. ನಮ್ಮ ಆಕಾಶವಾಣಿಯ 'ಚಿಂತನ' ನೆನಪಾಗುತ್ತೆ ಅಲ್ವಾ? ನಮ್ಮದು ಬೆಳಗಿನ ಕಾಫಿ ಹೊತ್ತಿಗೆ, ಅವರದು ಮಲಗೋ ಹೊತ್ತಿಗೆ.

1955ರಲ್ಲಿ ಖಾಸಗಿ ಟಿವಿ, ಅಂದರೆ ಐಟಿವಿ, ಬಂತು. ಪ್ರದೇಶಕ್ಕೊಂದು ಕಂಪನಿ. ದಿನವಿಡೀ ತೋರಿಸುವ ಹಾಗಿರಲಿಲ್ಲ. ಮೊದಮೊದಲು ವಾರಕ್ಕೆ ಸುಮಾರು 50 ಗಂಟೆ ಅಂತ ಸರ್ಕಾರ ಮಿತಿ ಹಾಕಿತ್ತು. ಧಾರ್ಮಿಕ ಕಾರ್ಯಕ್ರಮ ಮಾತ್ರ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಖರ್ಚೂ ಅಷ್ಟಕ್ಕಷ್ಟೆ. ಭಕ್ತಿಗಿಂತ ಈ ಲೆಕ್ಕಾಚಾರವೇ ಪಾದ್ರಿಗಳಿಗೆ ಆ ಕುರ್ಚಿ ಕೊಡಿಸಿತು ಅಂತ ನನಗನಿಸುತ್ತದೆ.

ಇಂಥ ಕಾರ್ಯಕ್ರಮಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಸ್ಕಾಟಿಷ್ ಟೆಲಿವಿಷನ್‌ನ 'ಲೇಟ್ ಕಾಲ್'. 1957ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಈ ಚಾನೆಲ್‌ನ ಮಾಲೀಕ ರಾಯ್ ಥಾಮ್ಸನ್, ಟಿವಿ ಲೈಸೆನ್ಸ್ ಅಂದರೆ ನೋಟು ಮುದ್ರಿಸಲು ಸಿಕ್ಕ ಪರವಾನಗಿ ಅಂದಿದ್ದವನು. ಅಂಥವನ ಚಾನೆಲ್‌ನಲ್ಲೇ 1960ರಿಂದ ರಾತ್ರಿ ರಾತ್ರಿ ಧರ್ಮಚಿಂತನೆ! ಪ್ರೆಸ್ಬಿಟೇರಿಯನ್, ಅಂದರೆ ಪ್ರಾಟೆಸ್ಟಂಟ್, ಪಾದ್ರಿಗಳು ಬಂದರು, ಕ್ಯಾಥೊಲಿಕರೂ ಬಂದರು. ಗ್ಲಾಸ್ಗೋದಲ್ಲಿ ಈ ಎರಡು ಪಂಗಡಗಳ ಜಗಳ ಫುಟ್‌ಬಾಲ್ ಮೈದಾನಕ್ಕೂ ಇಳಿದಿತ್ತು. ಅಂಥ ಊರಲ್ಲಿ ಇಬ್ಬರಿಗೂ ಒಂದೇ ಕಾರ್ಯಕ್ರಮದಲ್ಲಿ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಐದೇ ನಿಮಿಷದಲ್ಲಿ ಯಾರಿಗೂ ನೋವಾಗದ ಹಾಗೆ ದೇವರ ಮಾತಾಡಬೇಕು ಅಂದರೆ ಮಾತು ಸಪ್ಪೆಯಾಗುತ್ತದೆ. ಹಾಸ್ಯನಟ ರಿಕಿ ಫುಲ್ಟನ್ ಹಿಡಿದಿದ್ದು ಇದನ್ನೇ. 1978ರಲ್ಲಿ ಶುರುವಾದ ಬಿಬಿಸಿ ಸ್ಕಾಟ್ಲೆಂಡ್‌ನ 'ಸ್ಕಾಚ್ ಅಂಡ್ ರೈ'ನಲ್ಲಿ ಅವರು 'ಲಾಸ್ಟ್ ಕಾಲ್' ಅಂತ ಅಣಕ ಕಟ್ಟಿದರು. ಒಂದರಲ್ಲಿ ಪಾದ್ರಿ ನೀರು ಅಂದುಕೊಂಡು ಜಿನ್ ಕುಡಿಯುತ್ತಾ ಹೋಗುತ್ತಾನೆ, ಉಪದೇಶ ತೊದಲುತ್ತಾ ಹೋಗುತ್ತದೆ. ಇನ್ನೊಬ್ಬ ರೆವರೆಂಡ್ ಐ. ಎಂ. ಜಾಲಿ. ಜಾಲಿ ಇರುವುದು ಹೆಸರಲ್ಲಷ್ಟೆ, ಮುಖ ಮಾತ್ರ ಸಾವಿನ ಮನೆಯದು. ಹೊಸ ವರ್ಷದ ಹಿಂದಿನ ರಾತ್ರಿ ಅವನನ್ನು ನೋಡೋದು ಸ್ಕಾಟಿಷ್ ಮನೆಗಳಲ್ಲಿ ರೂಢಿಯೇ ಆಯಿತು.

'ಲೇಟ್ ಕಾಲ್' ನಿಂತಿದ್ದು ಅಣಕದಿಂದಲ್ಲ ಬಿಡಿ. 1972ರಲ್ಲಿ ಸರ್ಕಾರ ಪ್ರಸಾರದ ಗಂಟೆಗಳ ಮಿತಿಯನ್ನು ತೆಗೆದುಹಾಕಿತು. 1980ರ ದಶಕದ ಕೊನೆಗೆ ಐಟಿವಿ ಕಂಪನಿಗಳು ಒಂದೊಂದಾಗಿ 24 ಗಂಟೆ ಪ್ರಸಾರಕ್ಕೆ ಹೋದವು. ದಿನ ಮುಗಿಯುವುದೇ ಇಲ್ಲ ಅಂದಮೇಲೆ ಮುಗಿಸುವ ಮಾತು ಎಲ್ಲಿ ಹಾಕೋದು? 1989ರಲ್ಲಿ 'ಲೇಟ್ ಕಾಲ್' ನಿಂತಿತು. ಜಾಲಿ ಪಾದ್ರಿ ಆಮೇಲೂ ಟಿವಿಗೆ ಬರುತ್ತಲೇ ಇದ್ದ.