ಬಣ್ಣವಿಲ್ಲದ ವೈರಸ್ಸಿಗೆ ಗಾಜಿನ ರೂಪ

ಬೂದು ಚೆಂಡಿನ ಮೇಲೆ ಕೆಂಪು ಮುಳ್ಳುಗಳಿದ್ದ ಕೊರೊನಾ ಚಿತ್ರ ಯಾರಿಗೆ ನೆನಪಿಲ್ಲ? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕಲಾವಿದರು 2020ರಲ್ಲಿ ಅದನ್ನು ಬಿಡಿಸಿದಾಗ ಆ ಬಣ್ಣಗಳನ್ನು ತಾವೇ ಆರಿಸಿಕೊಂಡಿದ್ದರು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಕೊರೊನಾ ವೈರಸ್ಸಿನ ವ್ಯಾಸ 100 ನ್ಯಾನೊಮೀಟರ್ ಆಸುಪಾಸು. ಬೆಳಕಿನ ಅಲೆಗಿಂತ ಇಷ್ಟು ಚಿಕ್ಕದಾದ ವಸ್ತುವಿಗೆ ನಾವು ಹೇಳುವ ಅರ್ಥದ ಬಣ್ಣ ಇರುವುದಿಲ್ಲ.

ಬ್ರಿಟನ್ನಿನ ಬ್ರಿಸ್ಟಲ್‌ನ ಕಲಾವಿದ ಲ್ಯೂಕ್ ಜೆರಮ್ 2004ರಿಂದ ವೈರಸ್ಸು, ಬ್ಯಾಕ್ಟೀರಿಯಾಗಳನ್ನು ಬಣ್ಣವಿಲ್ಲದ ಗಾಜಿನಲ್ಲಿ ಮಾಡಿಸುತ್ತಿರುವುದು ಇದೇ ಕಾರಣಕ್ಕೆ. ಸ್ವತಃ ಅವರಿಗೆ ವರ್ಣಾಂಧತೆ ಇದೆ. ವೈರಸ್ ತಜ್ಞರ ಜೊತೆ ಕೂತು ವಿನ್ಯಾಸ ಸಿದ್ಧಪಡಿಸುತ್ತಾರೆ, ನುರಿತ ಗಾಜು ಕೆಲಸಗಾರರು ಅದನ್ನು ಗಾಜಿನಲ್ಲಿ ರೂಪಿಸುತ್ತಾರೆ. ಎಚ್‌ಐವಿ, ಸಿಡುಬು, ಹಂದಿಜ್ವರದ ವೈರಸ್ಸುಗಳು ಹೀಗೆ ಸುಮಾರು ಹತ್ತು ಲಕ್ಷ ಪಟ್ಟು ಹಿಗ್ಗಿ ಮೇಜಿನ ಮೇಲೆ ಬಂದಿವೆ. 2020ರ ಕೊರೊನಾ ಶಿಲ್ಪದ ಅಗಲ 23 ಸೆಂಟಿಮೀಟರ್, ಅಂದರೆ ಮೂಲಕ್ಕಿಂತ ಸುಮಾರು ಇಪ್ಪತ್ತು ಲಕ್ಷ ಪಟ್ಟು.

ವೈರಸ್ಸು ಇದೆ ಎಂಬ ಸುಳಿವು ಅದರ ರೂಪಕ್ಕಿಂತ ಬಹಳ ಮೊದಲೇ ಸಿಕ್ಕಿತ್ತು. 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ರೋಗ ತಗುಲಿದ ತಂಬಾಕಿನ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿದರು. ಸೋಸಿದ ರಸದಿಂದಲೂ ರೋಗ ಹರಡಿತು. ಜರ್ಮನಿಯ ಎಂಜಿನಿಯರುಗಳಾದ ರುಸ್ಕಾ ಮತ್ತು ನೋಲ್ 1931ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿಯನ್ನು ಕಟ್ಟಿದರು, ಆದರೂ ಆ ತಂಬಾಕಿನ ವೈರಸ್ಸು ಚಿತ್ರದಲ್ಲಿ ಕಂಡದ್ದು 1939ರಲ್ಲಿ. ಆ ಚಿತ್ರ ಬರೀ ಕಪ್ಪು-ಬಿಳುಪು. ಜರ್ಮನಿಯ ಡ್ರೆಸ್ಡೆನ್ ಬಳಿ ಗಾಜಿನ ಕಲಾವಿದರಾದ ಬ್ಲಾಷ್ಕಾ ತಂದೆ-ಮಗ 1887ರಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಮಾಡಿಕೊಟ್ಟ ಗಾಜಿನ ಹೂಗಳಿಗೆ ಬಣ್ಣ ಬೇಕೇ ಬೇಕಿತ್ತು, ಹೂವಿಗೆ ಅದು ಇರುತ್ತದೆ. ವೈರಸ್ಸಿಗೆ ಬಳಿದ ಬಣ್ಣ ನೋಡುವವರಲ್ಲಿ ಭಯ ಹುಟ್ಟಿಸುತ್ತದೆ, ತಿಳಿವಳಿಕೆ ಹೆಚ್ಚಿಸುವುದಿಲ್ಲ.

ಇಂಥ ಸೂಕ್ಷ್ಮ ಕೆಲಸಕ್ಕೆ ಒಗ್ಗುವುದು ಪ್ರಯೋಗಶಾಲೆಯ ಬೀಕರುಗಳ ಬೋರೋಸಿಲಿಕೇಟ್ ಗಾಜು. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಸಿಲಿಕಾ, 13 ಭಾಗ ಬೋರಾನ್ ಆಕ್ಸೈಡ್, ಉಳಿದದ್ದು ಸೋಡಿಯಂ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಇದರ 10 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು 500 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು ಹಿಗ್ಗುವುದು 0.17 ಮಿಲಿಮೀಟರಿನಷ್ಟು. ಕಿಟಕಿಯ ಗಾಜಾದರೆ 0.45. ಒಂದು ತುದಿ ಜ್ವಾಲೆಯಲ್ಲಿ, ಇನ್ನೊಂದು ತಣ್ಣಗೆ ಇರುವ ಕೆಲಸದಲ್ಲಿ ಈ ವ್ಯತ್ಯಾಸವೇ ಶಿಲ್ಪವನ್ನು ಉಳಿಸುತ್ತದೆ. ಪ್ರೊಪೇನ್-ಆಮ್ಲಜನಕದ ಟಾರ್ಚ್ ಬೇಕು, ಏಕೆಂದರೆ ಈ ಗಾಜು ಮೆತ್ತಗಾಗುವುದೇ 820 ಡಿಗ್ರಿ ಸೆಲ್ಸಿಯಸ್ ಹತ್ತಿರ.

ಕೆಲಸ ಒಳಗಿನಿಂದ ಶುರು. ಸಪೂರ ಕಡ್ಡಿಯನ್ನು ಕಾಯಿಸಿ ಗ್ರಾಫೈಟ್ ದಂಡಕ್ಕೆ ಸುತ್ತಿದರೆ ಆರ್‌ಎನ್‌ಎ, ಅಂದರೆ ಕೊರೊನಾ ವೈರಸ್ಸಿನೊಳಗಿನ ಆನುವಂಶಿಕ ಎಳೆಯ ಸುರುಳಿ ಸಿಗುತ್ತದೆ. ಅದನ್ನು ಅಗಲ ಕೊಳವೆಯೊಳಗೆ ಇಳಿಸಿ, ಚಿಕ್ಕ ಆಸರೆಗಳಿಂದ ನಿಲ್ಲಿಸಿ, ಕೊಳವೆಯ ಬಾಯಿಯನ್ನು ಕರಗಿಸಿ ಗೋಳವಾಗಿ ಮುಚ್ಚಬೇಕು. ಉಸಿರಾಡಲು ಒಂದು ರಂಧ್ರ ಕೊನೆಯವರೆಗೂ ಉಳಿದಿರಬೇಕು. ಬೇಗ ಮುಚ್ಚಿದರೆ ಒಳಗಿನ ಗಾಳಿ ಕಾದು, ಮುಳ್ಳು ಅಂಟಿಸಲು ಮೆತ್ತಗೆ ಮಾಡಿದ ಜಾಗವನ್ನೆಲ್ಲ ಗುಳ್ಳೆಯಂತೆ ಉಬ್ಬಿಸುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಮುಳ್ಳುಗಳು. ಗೋಳದ ಮೇಲಿನ ಬಿಂದು, ಕಡ್ಡಿಯ ತುದಿ ಎರಡನ್ನೂ ಒಟ್ಟಿಗೆ ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಿ, ಒತ್ತದೆ ತಾಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು. ಬುಡದಲ್ಲಿ ಚೂಪಾದ ಮಡಿಕೆ ಉಳಿದರೆ ಒತ್ತಡವೆಲ್ಲ ಅಲ್ಲೇ ಸೇರಿ ಬಿರುಕು ಹುಟ್ಟುತ್ತದೆ. ಆದ್ದರಿಂದ ಬುಡ ಕರಗಿ ದುಂಡಗಾಗಲೇಬೇಕು. ಅಷ್ಟು ಹೊತ್ತು ಕಾಯಿಸಿದರೆ ಪಕ್ಕದ ಮುಳ್ಳು ಜೋಲುತ್ತದೆ. ಹೀಗಾಗಿ ಒಂದು ಕಡೆ ಮುಗಿಸಿ ಮುಂದಕ್ಕೆ ಹೋಗದೆ, ಎದುರುಬದುರಾಗಿ ಜಾಗ ಬದಲಿಸುತ್ತಾ, ಗೋಳವನ್ನು ಸದಾ ತಿರುಗಿಸುತ್ತಾ, ನಡುನಡುವೆ ಮೆತ್ತನೆಯ ಜ್ವಾಲೆಯಿಂದ ಇಡೀ ಗೋಳವನ್ನು ಬೆಚ್ಚಗಿಡಬೇಕಾಗುತ್ತದೆ. ವಿನ್ಯಾಸದಲ್ಲಿ ಸರಿಯಿದ್ದರೂ ತನ್ನ ಭಾರಕ್ಕೇ ಕುಸಿಯುವಂಥ ಆಕಾರಗಳನ್ನು ಗಾಜಿನಲ್ಲಿ ಮಾಡಲಾಗಿಲ್ಲ ಎಂದು ಜೆರಮ್ ಹೇಳಿದ್ದಾರೆ.

ಆಮೇಲೆ ಹದಗೊಳಿಸುವ ಕುಲುಮೆ. ಸುಮಾರು 560 ಡಿಗ್ರಿಯಲ್ಲಿ ನಿಲ್ಲಿಸಿ, 510ರವರೆಗೆ ತೀರ ನಿಧಾನವಾಗಿ ಇಳಿಸಬೇಕು. ಒಳಗೆ ಸೆರೆಯಾದ ಒತ್ತಡ ಕರಗುವುದು ಈ ಹಂತದಲ್ಲೇ. ಇದರಲ್ಲಿ ಅವಸರ ಮಾಡಿದರೆ ಶಿಲ್ಪ ವಾರಗಳ ನಂತರವೂ ತಾನಾಗಿ ಸೀಳಬಹುದು. ಪರೀಕ್ಷೆಗೆ 1815ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಕಂಡುಕೊಂಡ ಗುಣವೇ ಸಾಕು: ಒತ್ತಡದಲ್ಲಿರುವ ಗಾಜು ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು, ಎರಡಾಗಿ ಒಡೆಯುತ್ತದೆ. ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಅದರ ಮುಂದೆ ಗಾಜನ್ನು ಹಿಡಿದು ಅಂಥ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಯ ಮೂಲಕ ನೋಡಿ. ಪರದೆ ಕಪ್ಪಾಗುವವರೆಗೆ ಹಾಳೆ ತಿರುಗಿಸಿದಾಗ ಮುಳ್ಳಿನ ಬುಡ ಹೊಳೆದರೆ ಮತ್ತೆ ಕುಲುಮೆಗೆ ಹೋಗಬೇಕು.

ಆರ್‌ಎನ್‌ಎ ಚಿಪ್ಪಿನೊಳಗೆ ನಿಖರವಾಗಿ ಹೇಗೆ ಮಡಚಿ ಕೂತಿದೆ ಎಂದು ಜೆರಮ್ ಕೇಳಿದಾಗ ವಿಜ್ಞಾನಿಗಳ ಬಳಿ ಉತ್ತರವಿರಲಿಲ್ಲ. ಚಿತ್ರಕಾರ ಅಂಥ ಕಡೆ ನೆರಳು ಹಾಕಿ ಮುಂದೆ ಹೋಗಬಹುದು, ಪಾರದರ್ಶಕ ಗಾಜಿನಲ್ಲಿ ಆ ದಾರಿಯಿಲ್ಲ. ಅಚ್ಚುಕಟ್ಟಾದ ಆ ಸುರುಳಿಯನ್ನು ಒಂದು ಊಹೆ ಎಂದೇ ನೋಡಬೇಕು. ಮುಳ್ಳುಗಳ ವಿಷಯದಲ್ಲಿ ಗಾಜಿಗೆ ಇನ್ನೊಂದು ಮಿತಿ ಇದೆ. ಕೊರೊನಾ ಮುಳ್ಳಿನ ಕಾಂಡದಲ್ಲಿ ಮೂರು ಕಡೆ ಬಾಗುವ ಕೀಲುಗಳಿವೆಯೆಂದು 2020ರಲ್ಲಿ ಎಲೆಕ್ಟ್ರಾನ್ ಟೊಮೊಗ್ರಫಿ (ಹಲವು ಕೋನಗಳ ಎಲೆಕ್ಟ್ರಾನ್ ಚಿತ್ರಗಳಿಂದ ಮೂರು ಆಯಾಮದ ರೂಪ ಕಟ್ಟುವ ವಿಧಾನ) ತೋರಿಸಿತು. ನಿಜವಾದ ಮುಳ್ಳು ಎಲ್ಲ ದಿಕ್ಕಿಗೂ ತೂಗಾಡುತ್ತಾ ಜೀವಕೋಶಕ್ಕೆ ತಗಲಿಕೊಳ್ಳುತ್ತದೆ, ಗಾಜಿನದು ನೆಟ್ಟಗೆ ನಿಂತೇ ಇರುತ್ತದೆ.